ಬಾಪನ ಪಾಲಿನ ಕಡ್ಡಿ

ನಿನ್ನೆ ಇಲ್ಲಿ ಕೊಲ್ಲಿ ದೇಶದಲ್ಲಿ, ಅಲ್ ಗರಾಫಾದ ನಮ್ಮ ಅಡುಗೆಮನೆಯಲ್ಲಿ ಮಗಳು ಸಕ್ಕರೆ ಪಾಕ ಕಾಯಿಸುತ್ತಿದ್ದಳು. ಪಾಕ ಹೊಂಬಣ್ಣಕ್ಕೆ ತಿರುಗಿ ಇನ್ನೇನು ಸೀಯಬೇಕು ಎನ್ನುವಾಗ ಏಳುವ ಆ ಪರಿಮಳ ಮೂಗಿಗೆ ಬಿದ್ದದ್ದೇ ತಡ, ನಾನು ಚಿಕ್ಕಂದಿನಲ್ಲಿ ನಾವಿದ್ದ ಅಲ್ ಸದ್ದ್‌ನ ಹಳೆಯ ಕಟ್ಟಡದ ಮೂರನೇ ಮಹಡಿಗೆ ಹೋಗಿಬಿಟ್ಟೆ. ಅಲ್ಲಿ ನಮ್ಮ ಎದುರು ಫ್ಲಾಟಿನಲ್ಲಿ ಚೀನಾದ ಲಿನ್ ಆಂಟಿ ಇದ್ದರು. ಅವರ ಹೊಸ ವರ್ಷಕ್ಕೆ ತಾಂಗ್‌ಹುಲು ಮಾಡುತ್ತಿದ್ದರು: ಹುಳಿಹಣ್ಣುಗಳನ್ನು ಬಿದಿರು ಕಡ್ಡಿಗೆ ಪೋಣಿಸಿ, ಪಾಕದಲ್ಲಿ ಹೊರಳಿಸಿ, ಗಾಜಿನ ಹಾಗೆ ಗಟ್ಟಿಯಾಗಲು ಬಿಡುವ ತಿಂಡಿ. ಅವರೂರಿನ ಕೆಂಪು ಹಣ್ಣು ಇಲ್ಲಿ ಸಿಗದೆ, ಬೀಜ ತೆಗೆದ ಬೋರೆಹಣ್ಣನ್ನೇ ಹಾಕುತ್ತಿದ್ದರು. ದುಂಡಗಿನ ಹಣ್ಣುಗಳು ಒಂದಕ್ಕೊಂದು ತಾಗಿ ಕೂತಂತೆ ಮನೆಮಂದಿ ಒಟ್ಟಿಗಿರಬೇಕು, ಅದೇ ಅದರ ಅರ್ಥ ಎಂದು ಬೆರಳುಗಳನ್ನು ಜೋಡಿಸಿ ತೋರಿಸಿದ್ದರು.

ಒಟ್ಟಿಗಿರುವುದು ನಮಗೆ ಅಷ್ಟು ಸುಲಭವಿರಲಿಲ್ಲ. ಬಾಪ, ಅಂದರೆ ನನ್ನ ಅಪ್ಪ, ಸಮುದ್ರದ ನಡುವಿನ ಗ್ಯಾಸ್ ರಿಗ್ಗಿನಲ್ಲಿ ದುಡಿಯುತ್ತಿದ್ದರು. ಹೋದರೆ ನಾಲ್ಕು ವಾರ. ಮನೆಯಲ್ಲಿ ಏನೇ ಒಳ್ಳೆಯದು ಮಾಡಿದರೂ ಅವರ ಪಾಲು ತೆಗೆದಿಡದೆ ಉಮ್ಮ ನಮಗೆ ಬಡಿಸುತ್ತಿರಲಿಲ್ಲ. ಅದನ್ನೇ ನೋಡಿ ಬೆಳೆದ ನಾನು ಮೊದಲ ವರ್ಷ ಒಂದು ಕಡ್ಡಿಯನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಬಾಪ ಬಂದ ದಿನ ಓಡಿಹೋಗಿ ಮುಚ್ಚಳ ತೆಗೆದರೆ, ಅಂಟು ನೀರಿನಲ್ಲಿ ಮುದುಡಿ ಬಿದ್ದ ಐದು ಹಣ್ಣು! ನಾನು ಹೋ ಎಂದು ಅತ್ತೆ. ಬಾಪ ಹಣ್ಣನ್ನು ಚಮಚದಲ್ಲಿ ತಿಂದು, ಉಳಿದ ಸಿಹಿನೀರನ್ನು ಕಪ್ಪು ಚಹಾಕ್ಕೆ ಸುರಿದುಕೊಂಡು, "ಚಾ ಭಾರೀ ಲಾಯ್ಕ ಆಗಿದೆ ಮಾರಾಯ್ತಿ, ನೀನು ಎಂತಕ್ಕೆ ಅಳುವುದು?" ಎಂದರು. ನನಗೆ ಸಮಾಧಾನವಾಗಲಿಲ್ಲ. ಅವರು ಕಟಕ್ಕೆಂದು ಕಚ್ಚುವ ಸದ್ದು ನನಗೆ ಬೇಕಿತ್ತು.

ಮರುವರ್ಷ ಅವರ ಹೊಸ ವರ್ಷ ಕಳೆದು ಮೂರು ದಿನವಾದರೂ ಲಿನ್ ಆಂಟಿ ಪಾಕಕ್ಕಿಡಲಿಲ್ಲ. ಹಣ್ಣು ಪೋಣಿಸಿ ಬರಿದೇ ಇಟ್ಟಿದ್ದರು. ಬಾಪನ ಕಂಪೆನಿ ಬಸ್ಸು ಕೆಳಗೆ ಬಂದು ನಿಂತದ್ದನ್ನು ಬಾಲ್ಕನಿಯಿಂದ ಕಂಡವರೇ, "ಯಲ್ಲಾ, ಯಲ್ಲಾ! ಪಾಪಾ ಕಮ್!" ಎಂದು ಎಲ್ಲರನ್ನೂ ಅವಸರಿಸಿ ಕೂಗಿ ಒಲೆ ಹಚ್ಚಿದರು. ಬಾಪ ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಡ್ಡಿಗಳು ತಯಾರು. ಎಲ್ಲರೂ ಒಟ್ಟಿಗೆ ಕಚ್ಚಿದೆವು. ಬಾಪನ ಹಲ್ಲಿನ ಸದ್ದೇ ಎಲ್ಲಕ್ಕಿಂತ ಜೋರು. ಅಷ್ಟು ಸಂತೋಷದ ಹಬ್ಬ ನಮ್ಮ ಮನೆಯಲ್ಲಿ ಬೇರೊಂದು ಆದದ್ದು ನನಗೆ ನೆನಪಿಲ್ಲ.

ಆ ಕಟ್ಟಡ ಈಗಿಲ್ಲ. ಆಂಟಿ ಊರಿಗೆ ಮರಳಿದರು, ಬಾಪ ತೀರಿಕೊಂಡು ವರ್ಷಗಳಾದವು. ನಿಮಗೂ ಇಂಥದ್ದೊಂದು ಎದುರುಮನೆ ಇದ್ದಿರಬಹುದು. ಇದ್ದರೆ ಹೆಚ್ಚು ಹೇಳಬೇಕಾಗಿಲ್ಲ.

ಸ್ಟ್ರಾಬೆರಿ ಕಡ್ಡಿಗಳನ್ನು ಪಾಕದಲ್ಲಿ ಅದ್ದುತ್ತಿದ್ದ ಮಗಳು, "ಮಮ್ಮೀ, ಡ್ಯಾಡಿಗೆ ಒಂದು ಫ್ರಿಜ್ಜಲ್ಲಿ ಕೀಪ್ ಮಾಡ್ಲಾ?" ಎಂದಳು. ಅವಳ ಅಪ್ಪನದೂ ಸಮುದ್ರದ ಕೆಲಸವೇ, ನಾಳೆ ಬರುತ್ತಾರೆ.

"ಅವರದ್ದನ್ನು ಅದ್ದಬೇಡ, ಬರಿದೇ ಇಡು. ಬಂದ ಮೇಲೆ ಒಲೆ ಹಚ್ಚುವ" ಎಂದೆ.

ಅಷ್ಟರಲ್ಲಿ ನನ್ನ ಕೈ ತಾನಾಗಿಯೇ ಪಾಕ ಗಟ್ಟಿಯಾಗಿದ್ದ ಇನ್ನೊಂದು ಕಡ್ಡಿಯನ್ನು ತಟ್ಟೆಯ ಬದಿಗೆ ಸರಿಸಿಟ್ಟಿತ್ತು, ಬಾಪನ ಪಾಲೆಂದು. ಅದನ್ನು ಕರಗಲು ಬಿಡದೆ ನಾನೇ ಎತ್ತಿ ಕಚ್ಚಿದೆ. ಕಟಕ್ಕೆಂದಿತು.