ಕಾಕು ಮತ್ತು ಮುಸುಕಿನ ಕಳ್ಳಿ

ಮಗಳು ಕೊಂಡು ತಂದ ಹೊಸ ಚಿತ್ರಕಥೆ ಪುಸ್ತಕದ ಹಾಳೆಗಳು ನುಣುಪಾಗಿದ್ದವು, ವಾಸನೆಯೇ ಇರಲಿಲ್ಲ. ಅದಕ್ಕೇ ಇರಬೇಕು, ನನಗೆ ಹಳೆಯ ಪುಸ್ತಕಗಳ ವಾಸನೆ ನೆನಪಾಯಿತು... ಅಗ್ಗದ ಕಾಗದದ್ದು, ಅದರೊಳಗೆ ನೂಲಿಗೆ ಹಚ್ಚುವ ಗಂಜಿಯ ಹುಳಿ. ಮುಖಪುಟದಲ್ಲಿ ನಾನು ಚಿಕ್ಕವಳಿದ್ದಾಗ ಓದುತ್ತಿದ್ದ ಅದೇ ಮುಸುಕಿನ ಕಳ್ಳಿ. ಈಗ ಅವಳೇ ನಾಯಕಿ. ಬಾಲ್ಯದಲ್ಲಿ ಪಟ್ಟ ಕಷ್ಟ, ಕದ್ದದ್ದಕ್ಕೆ ಕಾರಣ, ಪಶ್ಚಾತ್ತಾಪ, ಎಲ್ಲವನ್ನೂ ಅವಳಿಗೆ ಕೊಟ್ಟಿದ್ದಾರೆ. ಓದುತ್ತ ಓದುತ್ತ ಇಳಕಲ್ಲಿನ ಪಕ್ಕದ ಮನೆಯ ಕಾಕು ಕಣ್ಣ ಮುಂದೆ ಬಂದು ಕೂತರು.

ಆಗ ಅಪ್ಪನ ನೌಕರಿ ಇಳಕಲ್ಲಿನಲ್ಲಿತ್ತು. ನಾನು ಕಾನ್ವೆಂಟಿನಲ್ಲಿ ಆರನೆಯ ಇಯತ್ತೆ. ಚಿತ್ರಕಥೆ ಸಿಕ್ಕರೆ ಸಿಸ್ಟರ್ ಹರಿದು ಹಾಕುತ್ತಿದ್ದರು. ಹಾಗಾಗಿ ನನ್ನ ಇಂಗ್ಲಿಷ್ ಪುಸ್ತಕಗಳೆಲ್ಲ ಕಾಕುವಿನ ಮಗ್ಗದ ಕೋಣೆಯಲ್ಲಿ, ನೂಲಿನ ಬುಟ್ಟಿಯ ಕೆಳಗೆ ಇರುತ್ತಿದ್ದವು. ಅದಕ್ಕೆ ಪ್ರತಿಯಾಗಿ ನಾನು ಕಥೆ ಓದಿ ಹೇಳಬೇಕು. ಕಾಕುಗೆ ಓದು ಬಾರದು. ಅವರ ಮಗಳು, ಕನ್ನಡ ಸಾಲೆಯವಳು, ನನಗಿಂತ ಮೂರು ವರ್ಷ ದೊಡ್ಡವಳು, ಕಂಡಿಕೆಗೆ ನೂಲು ಸುತ್ತುತ್ತ ಕೇಳುತ್ತಿದ್ದಳು.

ಆಗಿನ ಪುಸ್ತಕಗಳಲ್ಲಿ ಕಳ್ಳಿ ಕೊನೆಯ ಪುಟದಲ್ಲಿ ಸಿಕ್ಕಿಬೀಳಲೇಬೇಕು. ನನಗೆ ಅದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ. ಗೋಡೆ ಹಾರಿ ಹೋದಳು ಅಂತ ನಾನೇ ಕಟ್ಟಿ ಹೇಳುತ್ತಿದ್ದೆ. ಒಂದು ದಿನ ಕಾಕು ಪುಸ್ತಕಕ್ಕೆ ಬಾಗಿ, "ಏ ಹುಡುಗಿ, ಓದಾಕ ಬರಂಗಿಲ್ಲಂದ್ರ ನಾ ಕುಡ್ಡಿ ಅಲ್ಲ. ಆಕಿ ಕೈಯಾಗಿನ ಬೇಡಿ ಕಾಣಸ್ತಾವ" ಅಂದರು. ನಾನು ನಾಚಿ ತಲೆ ತಗ್ಗಿಸಿದೆ. "ಇರ್ಲಿ, ನೀ ಹೇಳೂದ ಛಲೋ ಐತಿ. ಹಂಗ ಹೇಳು."

ಎರಡು ವರ್ಷದಲ್ಲಿ ಪುಸ್ತಕದವರೇ ಅವಳನ್ನು ತಪ್ಪಿಸಿಕೊಳ್ಳಲು ಬಿಟ್ಟರು. "ನೋಡು, ಅವರಿಗೂ ಬುದ್ಧಿ ಬಂತು," ಅಂದರು ಕಾಕು. ಅವಳು ಯಾಕೆ ಕದಿಯುತ್ತಾಳೆ ಅಂತ ನಾನು ಕೇಳಿದಾಗ, "ಬೇಕಾಗಿರ್ತದ, ಕದೀತಾಳ. ನಿನಗ್ಯಾಕ ಆ ಪಂಚಾಯ್ತಿ?" ಅಂದಿದ್ದರು.

ಆ ವರ್ಷವೇ ಕಾಕುವಿನ ಗಂಡ, ಕಾಕಾ, ತಮ್ಮ ಮಗಳನ್ನು ಹುನಗುಂದದ, ಹೆಂಡತಿ ಸತ್ತ ಒಬ್ಬನಿಗೆ ಕೊಡುತ್ತೇನೆಂದು ಮಾತು ಕೊಟ್ಟರು. ಅವಳಿಗಿನ್ನೂ ಹದಿನಾರು. ಕಾಕು ಬೇಡ ಅಂದದ್ದಕ್ಕೆ ಎರಡು ದಿನ ಅವರ ಸೆರಗು ಬಾತ ಮುಖದ ಮೇಲಿಂದ ಸರಿಯಲಿಲ್ಲ. ಆ ಮನೆಯಲ್ಲಿ ಮಗಳ ನಿಶ್ಚಯದ ಸೀರೆಯನ್ನು ಅಪ್ಪನೇ ನೇಯಬೇಕು. ಸೋಮವಾರ ಬೀಗರು ಬರುವವರು; ರವಿವಾರ ಮುಂಜಾನೆಗೆ ಸೆರಗಷ್ಟೇ ಬಾಕಿ.

ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಸಾವಿರಾರು ಕೊಂಡಿ. ಇಬ್ಬರು ಎದುರುಬದುರು ಕೂತರೇ ಆಗುವ ಕೆಲಸ. ನಾನು ಪುಸ್ತಕಕ್ಕೆಂದು ಹೋದಾಗ ಕಾಕಾ ಚಹಾಕ್ಕೆ ಹೊರಗೆ ಹೋಗಿದ್ದರು. ಕಾಕು ಚಾಕು ಹಿಡಿದು, ಆಗಲೇ ಹಾಕಿ ಮುಗಿದಿದ್ದ ಆ ಕೊಂಡಿಗಳನ್ನು ಹಿಡಿಹಿಡಿಯಾಗಿ ಕೊಯ್ಯುತ್ತಿದ್ದರು.

"ಮಗಳು ಬಸ್ ಸ್ಟ್ಯಾಂಡಿಗೆ ಹೋಗ್ಯಾಳ. ಸಾಲಿ ಟೀಚರ್ ಬಾಗಲಕೋಟಿ ಹಾಸ್ಟೆಲಿಗೆ ಕರಕೊಂಡು ಹೊಂಟಾರ. ಈತ ಕೇಳಿದ್ರ ಏನ್ ಹೇಳ್ತಿ?"



ಕಾಕಾ ಬಂದು ನೋಡಿದರು. "ಹೆಗ್ಗಣ ಕಡದಾವ ನೋಡ್ರಿ," ಅಂದರು ಕಾಕು, ಸಣ್ಣ ದನಿಯಲ್ಲಿ. ಕಾಕಾ ಬೈಯುತ್ತಲೇ, "ಕೂಡ್ರು ಎದುರಿಗೆ!" ಅಂತ ಅಬ್ಬರಿಸಿ ಕೊಂಡಿ ಹಾಕಲು ಕೂತರು. ನಡುವೆ ಎದ್ದರೆ ಎಳೆಗಳು ಸಿಕ್ಕಾಗುತ್ತವೆ. ಆಗಲೇ ನನಗೆ ಕಾಕುವಿನ ಲೆಕ್ಕಾಚಾರ ಹೊಳೆದದ್ದು.

"ಎಲ್ಲಿ ಆ ಹುಡುಗಿ?" ಕಾಕಾ ನನ್ನನ್ನೇ ಕೇಳಿದರು.

"ನಮ್ಮ ಮನ್ಯಾಗ ಅದಾಳ್ರಿ... ಅವ್ವ ಶಾವಿಗಿ ಹೊಸ್ಯಾಕ ಕರದಾಳ."

ಅವರ ಬೆರಳು ನಿಂತಿತು. ನನ್ನ ಮುಖವನ್ನೇ ನೋಡಿದರು. ಕಾಕು ಮುಂದಿನ ಎಳೆ ಚಾಚಿ, "ಹಿಡೀರಿ, ಸಡ್ಲಾಗ್ತದ," ಅಂದರು. ಬೆರಳು ಮತ್ತೆ ಓಡಿತು.

ನಾನು ಎದ್ದು ಬರಬಹುದಿತ್ತು, ಅಲ್ಲೇ ಕೂತೆ. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದಾಗೆಲ್ಲ ಕಾಕುವಿನ ಬಳೆ ಒಂದು ಚೂರು ಅಲುಗುತ್ತಿತ್ತು, ಅಷ್ಟೇ. ನಾಲ್ಕು ಗಂಟೆಯವರೆಗೆ ಅವರು ಒಂದು ಎಳೆಯನ್ನೂ ತಪ್ಪಿಸಲಿಲ್ಲ. ಸಿಕ್ಕಿಬೀಳುವುದು ಖಚಿತವೆಂದು ಗೊತ್ತಿದ್ದೂ ಅಷ್ಟು ಅಚ್ಚುಕಟ್ಟಾಗಿ...

ಸಂಜೆ ಕಾಕಾ ಮಗಳನ್ನು ಕರೆಯಲು ನಮ್ಮ ಮನೆಗೆ ಬಂದರು. ಆಮೇಲೆ ಗೋಡೆಯಾಚೆಯಿಂದ ಬಂದ ಸದ್ದಿಗೆ ಅಪ್ಪ ಬರಿಗಾಲಲ್ಲೇ ಓಡಿದರು. ಮಗಳು ಹೋದ ಊರ ಹೆಸರು ಮಾತ್ರ ಕಾಕುವಿನ ಬಾಯಿಂದ ಹೊರಬೀಳಲಿಲ್ಲ. ನಾಲ್ಕು ತಿಂಗಳಿಗೆ ಅಪ್ಪನಿಗೆ ಬಾದಾಮಿಗೆ ವರ್ಗವಾಯಿತು.

ಹೋದ ವರ್ಷ ಬಾಗಲಕೋಟೆಯ ದವಾಖಾನೆಯಲ್ಲಿ ನನ್ನ ಕೈ ಹಿಡಿದು ನಾಡಿ ನೋಡಿದ ನರ್ಸಮ್ಮ, "ಗುರ್ತು ಸಿಕ್ತೇನ್ರಿ, ಕಳ್ಳಿ ಕಥಿ ಬಾಯವರ?" ಅಂದಳು. ಕಾಕುವಿನ ಮಗಳು! ನಾನು ಕಾಕುವನ್ನು ಕೇಳುವ ಮೊದಲೇ ಅವಳ ನಗು ಇಳಿಯಿತು. "ಅವ್ವ ಹೋಗಿ ಭಾಳ ವರ್ಷ ಆತ್ರಿ. ನನಗ ಸುದ್ದಿ ಮುಟ್ಟೂದ್ರಾಗ ತಿಂಗಳಾಗಿತ್ತು. ಮಣ್ಣಿಗೂ ಹೋಗಲಿಲ್ಲ ನಾ."

ಓಡಿಹೋದ ಮೇಲೆ ತಾಯಿ ಮಗಳು ಒಮ್ಮೆಯೂ ಭೇಟಿಯಾಗಿರಲಿಲ್ಲ. ಪತ್ರ ಯಾಕೆ ಬರೆಯಲಿಲ್ಲ ಅಂತ ನಾನು ಕೇಳಲಿಲ್ಲ. ನಾನೂ ಬಾದಾಮಿಯಿಂದ ಎಷ್ಟೋ ಸಲ ಪೆನ್ನು ಹಿಡಿದು ಬಿಟ್ಟವಳೇ. ಆ ಮನೆಯಲ್ಲಿ ಓದು ಬಲ್ಲವರು ಕಾಕಾ ಒಬ್ಬರೇ ಉಳಿದಿದ್ದರು. ಮಗಳು ಸುಖವಾಗಿದ್ದಾಳೆ ಎಂಬ ಒಂದು ಸಾಲನ್ನು ಕಾಕುಗೆ ಯಾರೂ ಓದಿ ಹೇಳಲಿಲ್ಲ.