ಕಂಪ್ಯೂಟರಿಗೆ ಪಿ.ಪಿ. ನಂಬರ್ ಕಲಿಸಿದ ಶನಿವಾರ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಅಪ್ಪ ವಿಜಾಪುರದ ಕಡೆಯಿಂದ ಮುಂಬಯಿಗೆ ಬಂದ ಗೌಂಡಿ, ಗೋಡೆ ಕಟ್ಟುವ ಕೆಲಸ. ನಾನು ವಿಲೆ ಪಾರ್ಲೆಯ ಕಾಲೇಜಿನಲ್ಲಿ ಬೆಳಗ್ಗೆ ಓದಿ, ಮಧ್ಯಾಹ್ನ ಟೈಪಿಂಗ್ ಕೆಲಸ ಮಾಡಿ, ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಿ.ಎಸ್ಸಿ. ಮುಗಿಸಿದೆ. ಯಾರೂ ಕೈಗಿಟ್ಟದ್ದಲ್ಲ, ದುಡಿದು ತೆಗೆದುಕೊಂಡದ್ದು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಾಂದ್ರಾದಲ್ಲಿ ನೀರಿನ ಪಂಪುಗಳ ಬಿಡಿಭಾಗ ಮಾರುವ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ಮಾಲೀಕರು ಬೆಳಗಾವಿಯವರು, ಎಲ್ಲರಿಗೂ ಸಾವ್ಕಾರ್ರು. ಮಾಲು ಇರುತ್ತಿದ್ದುದು ದಹಿಸರಿನ ಗೋದಾಮಿನಲ್ಲಿ. ಆರ್ಡರ್ ಬರೆದುಕೊಳ್ಳಲು ಕಂಪ್ಯೂಟರಿನಲ್ಲಿ ನಾನೇ ಒಂದು ಪ್ರೋಗ್ರಾಮ್ ಮಾಡಿದ್ದೆ. ಅದರೊಳಗೇ ಫೋನನ್ನೂ ಸೇರಿಸಬೇಕು ಎಂಬ ಹುಚ್ಚು ಹಿಡಿಯಿತು. ಒಂದು ಕೀ ಒತ್ತಿದರೆ ಕಂಪ್ಯೂಟರೇ ಅಂಗಡಿಯವರಿಗೆ ಒಬ್ಬರಾದ ಮೇಲೊಬ್ಬರಂತೆ ಫೋನ್ ಹಚ್ಚಬೇಕು; ಇನ್ನೊಂದು ಕೀ ಒತ್ತಿದರೆ ಆರ್ಡರಿನ ಸಂದೇಶ ದಹಿಸರಿನ ಪರದೆಯ ಮೇಲೆ ಮೂಡಬೇಕು. ಕಂಪ್ಯೂಟರಿಗೂ ಫೋನಿಗೂ ನಡುವೆ ಕೂರುವ ಮೋಡೆಮ್ ಎಂಬ ಡಬ್ಬಿಯನ್ನು ಸಾವ್ಕಾರ್ರು ಎರಡೂ ಕಡೆಗೆ ತರಿಸಿಕೊಟ್ಟರು. ಕೊಟ್ಟು ಹೇಳಿದರು:

"ಶನಿವಾರ ನನ್ನ ಮುಂದ ನಡಿಸಿ ತೋರಿಸು, ತಂಗಿ. ನಡೀತಂದ್ರ ನೀ ಪ್ರೋಗ್ರಾಮರ್. ಇಲ್ಲಂದ್ರ ಡಬ್ಬಿ ವಾಪಸ್, ನೀ ಬಿಲ್ ಟೈಪ್ ಮಾಡ್ಕೊಂತ ಕೂಡು."

ಆ ವಾರವೆಲ್ಲ ಲೋಕಲ್ ರೈಲಿನಲ್ಲಿ ನೇತಾಡುವಾಗಲೂ ತಲೆಯಲ್ಲಿ ಪ್ರೋಗ್ರಾಮೇ ಓಡುತ್ತಿತ್ತು. ಮೋಡೆಮ್ ಮೊದಲ ಸಲ ಕಿರ್ರ್ ಎಂದು ಕೂಗಿ ದಹಿಸರನ್ನು ಹಿಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಮೈಸೂರು ಕಡೆಯ ನಮ್ಮ ಅಕೌಂಟೆಂಟರು ಕನ್ನಡಕದ ಮೇಲಿಂದ ನೋಡಿ, "ಏನಮ್ಮಾ, ಬೆಕ್ಕಿನ ಬಾಲ ತುಳಿದ್ಯಾ?" ಎಂದರು.

ಶನಿವಾರ ಬಂತು. ರಿಸೀವರ್ ಸಾವ್ಕಾರ್ರ ಕೈಯಲ್ಲಿ, ಕೀಬೋರ್ಡು ನನ್ನ ಕೈಯಲ್ಲಿ; ಆ ಕಡೆಯ ಮಾತು ಮೋಡೆಮ್ಮಿನ ಸ್ಪೀಕರಿನಿಂದ ನಮಗೂ ಕೇಳುತ್ತಿತ್ತು. ಮೊದಲ ಅಂಗಡಿಯವನು ತಾನೇ ಫೋನ್ ಎತ್ತಿ ಆರ್ಡರ್ ಕೊಟ್ಟ. ಸಾವ್ಕಾರ್ರ ಮೀಸೆ ಅರಳಿತು. ಎರಡನೆಯ ಫೋನ್ ಎತ್ತಿದವರು ಒಬ್ಬ ಮರಾಠಿ ಹೆಂಗಸು, ಅಲ್ಲಿಯವರ ಮಾತಿನಲ್ಲಿ ‘ಬಾಯಿ’. "ಥಾಂಬಾ ಹಾ, ಬೋಲಾವ್ತೇ", ತಡೀರಿ ಕರೀತೀನಿ, ಎಂದು ರಿಸೀವರ್ ಕೆಳಗಿಟ್ಟು ಚಪ್ಪಲಿ ಎಳೆಯುತ್ತ ಹೋದರು. ಅದು ಪಿ.ಪಿ. ನಂಬರ್. ಅಂದರೆ ಫೋನು ನೆರೆಯವರದು, ಕರೆ ನಮ್ಮವರಿಗೆ. ಆಗ ಅರ್ಧ ಮುಂಬಯಿ ಹಾಗೆಯೇ ಮಾತಾಡುತ್ತಿತ್ತು. ನಮ್ಮ ಮನೆಯದೂ ಕೆಳಮಹಡಿಯ ಟೇಲರನ ನಂಬರೇ. ಆದರೂ ಕಂಪ್ಯೂಟರಿನ ಮುಂದೆ ಕೂತಾಗ ನಂಬರೆಂದರೆ ಮನುಷ್ಯನೇ ಎಂದುಕೊಂಡುಬಿಟ್ಟಿದ್ದೆ. ಒಂದು ನಿಮಿಷದೊಳಗೆ ಆರ್ಡರ್ ತುಂಬದಿದ್ದರೆ ಲೈನ್ ಕತ್ತರಿಸಿ ಮುಂದಿನವರಿಗೆ ಹಚ್ಚು ಎಂದು ಬರೆದಿದ್ದೆ.

ಕಂಪ್ಯೂಟರ್ ಚಾಚೂ ತಪ್ಪದೆ ಕತ್ತರಿಸಿ ಮುಂದಿನ ಅಂಗಡಿಗೆ ಹಚ್ಚಿತು.

"ಹಲೋ, ಕೌನ್?" ಅತ್ತಲಿಂದ ಬೇರೆ ಯಾರದೋ ಗಡಸು ದನಿ.

"ಏ, ನೀವ್ಯಾರ್ರಿ ನಡುವ?" ಎಂದರು ಸಾವ್ಕಾರ್ರು.

"ಫೋನ್ ಆಪ್‌ನೇ ಕಿಯಾ, ಸೇಠ್!" ಮಾಡಿದವರು ನೀವೇ ಎಂದು ಅವನ ತಕರಾರು.

"ನಾ ಎಲ್ಲಿ ಮಾಡೀನ್ರಿ? ಈ ಹುಡುಗಿ ಡಬ್ಬಿ ಮಾಡೇತಿ!" ಸಾವ್ಕಾರ್ರು ರಿಸೀವರ್ ಕುಕ್ಕಿದರು. "ಆ ಬಾಯಿ ಮೂರು ಮಾಳಗಿ ಇಳದು ಕರ್ಯಾಕ ಹೋಗ್ಯಾಳ. ತಿರುಗಿ ಬಂದು ನೋಡಿದ್ರ ಫೋನ್ ಬಂದ್! ನಾಳೆ ನನ್ನ ಹೆಸರು ಹೇಳಿದ್ರ ಕರೀತಾಳೇನು?"

"ಮನುಷ್ಯರಿಗಿರೋ ತಾಳ್ಮೆ ಯಂತ್ರಕ್ಕೆಲ್ಲಿ ಬರಬೇಕು," ಎಂದು ಅಕೌಂಟೆಂಟರು ತಮ್ಮಷ್ಟಕ್ಕೆ ಅಂದರು.

ಡಬ್ಬಿಯ ವೈರಿನ ಕಡೆ ಸಾವ್ಕಾರ್ರ ಕೈ ಹೋಯಿತು. ಅಷ್ಟರಲ್ಲಿ ನನಗೆ ದಾರಿ ಝಗ್ಗನೆ ಹೊಳೆದಿತ್ತು. "ಸಾವ್ಕಾರ್ರ, ನಿಮ್ಮ ಊಟ ಮುಗಿಯೂದ್ರಾಗ ಸರಿ ಮಾಡ್ತೀನ್ರಿ," ಎಂದೆ.

"ಊಟ ಲಗೂ ಮಾಡ್ತೀನಿ ನಾ, ನೋಡ್ಕೋ."

ಪಿ.ಪಿ. ನಂಬರಿಗೆ ಫೋನ್ ಮಾಡುವ ರೀತಿಯೇ ಬೇರೆ. ತಿಳಿದವರು ಲೈನ್ ಹಿಡಿದು ಕಾಯುವುದಿಲ್ಲ. "ಕರೆದಿಟ್ಟಿರಿ, ಐದು ನಿಮಿಷ ಬಿಟ್ಟು ಮಾಡ್ತೀನಿ" ಎಂದು ಹೇಳಿ ಇಟ್ಟುಬಿಡುತ್ತಾರೆ. ಅದನ್ನೇ ಬರೆದೆ. ಪಿ.ಪಿ. ಗುರುತಿದ್ದರೆ ಮೊದಲ ಸಲ ಸಾವ್ಕಾರ್ರು ಅಷ್ಟು ಹೇಳಿದ ಕೂಡಲೇ ಲೈನ್ ಬಿಡು, ನಡುವೆ ಬೇರೆಯವರ ಆರ್ಡರ್ ತೆಗೆದುಕೊ, ಐದು ನಿಮಿಷಕ್ಕೆ ನೀನೇ ನೆನಪಿಟ್ಟು ಮತ್ತೆ ಹಚ್ಚು. ಆ ಹುರುಪಿನಲ್ಲಿ ನನ್ನ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಯಾವ ಅಂಗಡಿಯವರದು ಪಿ.ಪಿ. ಎಂದು ಅಕೌಂಟೆಂಟರು ಮೊಸರನ್ನ ಉಣ್ಣುತ್ತಲೇ ಹೇಳುತ್ತ ಹೋದರು.

ಸಾವ್ಕಾರ್ರು ಕೈ ಒರೆಸಿಕೊಂಡು ಬಂದು ಕೂತರು. ಮತ್ತೆ ಅದೇ ಬಾಯಿ. ಅವರು ಸಿಟ್ಟಿನಿಂದ ರೇಗಿದರು; ಸಾವ್ಕಾರ್ರು "ಮಾಫ್ ಕರಾ, ತಾಯಿ, ಮಾಫ್ ಕರಾ" ಎನ್ನುತ್ತ ಮತ್ತೆ ಮಾಡುವುದಾಗಿ ಹೇಳಿ ಇಟ್ಟರು. ಕಂಪ್ಯೂಟರ್ ಮುಂದಿನ ಅಂಗಡಿಗೆ ಹೋಯಿತು, ಆರ್ಡರ್ ಬಂತು. ಆಮೇಲೆ ಮೂವರೂ ಪರದೆ ನೋಡುತ್ತ ಕೂತೆವು. ಮೋಡೆಮ್ ತಾನೇ ಕಟಕಟ ಎಂದು ಆ ನಂಬರನ್ನೇ ಹಿಡಿಯಿತು. ಈ ಸಲ ಅಂಗಡಿಯವನೇ ಎತ್ತಿದ, ಏದುಸಿರು ಬಿಡುತ್ತ:

"ಬೋಲೋ ಸೇಠ್, ಫೋನ್ ಕೇ ಪಾಸ್ ಹೀ ಖಡಾ ಹೂಂ!" ಫೋನಿನ ಹತ್ತಿರವೇ ನಿಂತು ಕಾದಿದ್ದನಂತೆ.

ಅವನು ಹೇಳಿದ ಮಾಲನ್ನು ಟೈಪ್ ಮಾಡಿದೆ, ದಹಿಸರಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಪರದೆಯ ಕೆಳಗೆ ಗೋದಾಮಿನ ಉತ್ತರ ಒಂದೊಂದೇ ಅಕ್ಷರವಾಗಿ ಮೂಡಿತು: ಮಾಲ್ ಹೈ, ಆಜ್ ಭೇಜತಾ ಹೂಂ. ಮಾಲು ಇದೆ, ಇವತ್ತೇ ಕಳಿಸುತ್ತೇನೆ ಎಂದು.

ಸಾವ್ಕಾರ್ರು ಅದನ್ನು ಓದಿ, ಮತ್ತೊಮ್ಮೆ ಓದಿ, ಅಕೌಂಟೆಂಟರ ಕಡೆ ತಿರುಗಿದರು. "ಸೋಮವಾರದಿಂದ ಬಿಲ್ ಟೈಪ್ ಮಾಡಾಕ ಯಾರನ್ನರ ಹುಡುಕ್ರಿ."

"ಅಷ್ಟರವರೆಗೆ ಯಾರು ಟೈಪ್ ಮಾಡ್ಬೇಕು, ಸಾರ್?"

"ನೀವ. ಆಕಿ ಪ್ರೋಗ್ರಾಮರ್ ಅದಾಳ, ಆಕಿಗೆ ಹೇಳಬ್ಯಾಡ್ರಿ."