ಟೂರಿನ ಮೇಲಿದ್ದ ಅಳಿಯ

ಮಗಳ ನರ್ಸರಿ ಫೀಸಿಗೆ ನೆರವಾಗಲು ಮುಂದೆ ಬಂದ ಟ್ರಸ್ಟಿನವರದು ಒಂದೇ ಷರತ್ತು: ಮಗುವಿನ ತಂದೆಯಿಂದ ಜೀವನಾಂಶ ಪಡೆಯುವ ಪ್ರಯತ್ನಕ್ಕೆ ತಾಯಿ ಸಹಕರಿಸಬೇಕು. ಮದುವೆಯಾಗಿದ್ದಷ್ಟು ಕಾಲ ಒಂದು ತಟ್ಟೆ ತೊಳೆಯಲೂ ಸಹಕರಿಸದವನ ವಿಷಯದಲ್ಲಿ ಸಹಕಾರದ ಹೊಣೆ ನನ್ನ ಪಾಲಿಗೇ ಬಂದದ್ದು ನ್ಯಾಯವೇ. ಅಭ್ಯಾಸವಿದ್ದದ್ದು ನನಗೇ ತಾನೆ.

ಸಹಕರಿಸಿದೆ. ಬೆಳಿಗ್ಗೆ ಏನು ತಿಂದೆನೆಂದು ಕೂಡ ಆಫೀಸಿನಲ್ಲಿ ಯಾರಿಗೂ ಹೇಳಿದವಳಲ್ಲ ನಾನು. ಆದರೆ ಟ್ರಸ್ಟಿನ ಮಹಿಳೆಗೆ ಅವನು ಯಾವಾಗ ಹೋದ, ಈಗ ಇಲ್ಲೇ ಹತ್ತಿರದ ಗ್ರೀನ್‌ಫರ್ಡ್‌ನಲ್ಲಿ ಯಾರ ಜೊತೆಗಿದ್ದಾನೆ, ಮಗಳನ್ನು ನೋಡಲು ಕೊನೆಗೆ ಎಂದು ಬಂದಿದ್ದ ಎಂಬುದನ್ನೆಲ್ಲ ಹವಾಮಾನ ವರದಿ ಓದುವಂತೆ ಫೋನಿನಲ್ಲಿ ಹೇಳಿದೆ. ಬೇರೆ ದಾರಿಯಿರಲಿಲ್ಲ. ಧಾರವಾಡದಿಂದ ಬಂದು ಮಗುವಿನ ಜೊತೆಗಿದ್ದ ಅವ್ವನ ವೀಸಾ ಮುಗಿಯುತ್ತಿತ್ತು. ನರ್ಸರಿಯವರು ನಮ್ಮ ಜಾಗವನ್ನು ಆ ವಾರದ ಕೊನೆಯವರೆಗೆ ಮಾತ್ರ ಹಿಡಿದಿಟ್ಟಿದ್ದರು. ಅದು ತಪ್ಪಿದರೆ ನನ್ನ ಕೆಲಸವೂ ಹೋಗುತ್ತಿತ್ತು. ಇನ್ನು ಉಳಿದಿದ್ದದ್ದು ಮನೆಗೊಂದು ಭೇಟಿ. ಬರೀ ಔಪಚಾರಿಕ, ಎಂದಿದ್ದರು.

ಔಪಚಾರಿಕತೆಯಲ್ಲಿ ಅವ್ವನನ್ನು ಮೀರಿಸುವವರು ಯಾರು? ಬಂದ ದಿನದಿಂದ ಅವಳು ನಾವಿದ್ದ ಕೆಂಟನ್ ಬಡಾವಣೆಯ ನಮ್ಮವರಿಗೆಲ್ಲ "ಅಳಿಯಂದ್ರು ಟೂರಿನ ಮ್ಯಾಲ ಹೋಗ್ಯಾರ್ರೀ" ಎಂದೇ ಹೇಳುತ್ತಿದ್ದಳು. ಮೊದಲು ಜರ್ಮನಿ, ಆಮೇಲೆ ಸಿಂಗಾಪುರ. ಪಕ್ಕದ ಮನೆಯ ಬೆಳಗಾವಿಯ ಕಾಕೂ "ಈ ಸಲ ಯಾವ ದೇಶರೀ ಅಕ್ಕಾರ?" ಎಂದು ಕೇಳಿ, ಉತ್ತರಕ್ಕೆ ಮೊದಲೇ ನಗುತ್ತಿದ್ದರು. ಅಷ್ಟು ತಿರುಗಿದ್ದರೆ ಕಂಪನಿ ಅವನನ್ನು ಡೈರೆಕ್ಟರ್ ಮಾಡಿರುತ್ತಿತ್ತು. ಕಥೆ ಬಲವಾಗಲೆಂದು ಅವ್ವ ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಯಿಂದ ಗಂಡಸರ ಬೂಟು ತಂದು ಬಾಗಿಲ ಬಳಿ ಇಟ್ಟಿದ್ದಳು. ಆಗಾಗ ಅದಕ್ಕೆ ಪಾಲಿಶ್ ಕೂಡ. ಅಳಿಯನ ನಿಜವಾದ ಬೂಟಿಗೆ ಆ ಭಾಗ್ಯ ಸಿಕ್ಕಿರಲಿಲ್ಲ.

ಟ್ರಸ್ಟಿನ ಮಹಿಳೆ ಬಂದಾಗ ನಾನು ಅಡುಗೆಮನೆಯಲ್ಲಿ ಚಹಾಕ್ಕಿಟ್ಟಿದ್ದೆ. ಬೂಟು ಯಾರದೆಂದು ಅವರು ಸೌಜನ್ಯದಿಂದ ಕೇಳಿದರು. ಅವ್ವ ತನ್ನಲ್ಲಿದ್ದ ಇಂಗ್ಲಿಷನ್ನೆಲ್ಲ ಧಾರಾಳವಾಗಿ ಸುರಿದಳು: "ಸನ್-ಇನ್-ಲಾ. ಟೂರ್. ನೆಕ್ಸ್ಟ್ ವೀಕ್ ಕಮಿಂಗ್."

ನಾನು ಕಪ್ಪುಗಳನ್ನು ಹಿಡಿದು ಬರುವಷ್ಟರಲ್ಲಿ ಆಕೆ ಲ್ಯಾಪ್‌ಟಾಪ್ ಮುಚ್ಚಿಯಾಗಿತ್ತು. ತಂದೆ ಇದೇ ಮನೆಯಲ್ಲಿದ್ದು ಅದನ್ನು ಮುಚ್ಚಿಟ್ಟರೆ ಅದು ಸಹಕಾರವಲ್ಲ, ಅರ್ಜಿ ಇಲ್ಲಿಗೇ ನಿಲ್ಲುತ್ತದೆ, ಎಂದರು. ನಾನು ಚೊಕ್ಕ ಇಂಗ್ಲಿಷಿನಲ್ಲಿ ವಿವರಿಸಿದೆ. ಚೊಕ್ಕವಾಗಿದ್ದದ್ದೇ ತಪ್ಪಾಯಿತೇನೋ. ನಿಮ್ಮ ಅಮ್ಮನ ಬಾಯಿಂದಲೇ ಕೇಳಬೇಕು, ಬೇಕಾದರೆ ನೀವು ಅನುವಾದಿಸಿ, ಎಂದರು. ಆರೋಪಿಯನ್ನೇ ದುಭಾಷಿ ಮಾಡುವಷ್ಟು ಔದಾರ್ಯ.

"ಅವ್ವಾ, ಖರೇ ಹೇಳು."

"ಮಂದಿ ಮುಂದ ಹೆಂಗ ಹೇಳ್ಲಿ?"

"ಇಕಿ ಮಂದಿ ಅಲ್ಲ, ಟ್ರಸ್ಟಿನಾಕಿ."

"ಟ್ರಸ್ಟಿನಾಕಿ ಅಂದ್ರ ಮನಿಯಾಕಿ ಆದ್ಲೇನ? ಕೆಂಟನ್ ತುಂಬ ಡಂಗುರ ಹೊಡದ್ರ?"

"ಅಕಿಗೆ ಕನ್ನಡ ಬರೂದಿಲ್ಲವ್ವಾ."

"ಡಂಗುರಕ್ಕ ಭಾಷಾ ಎದಕ್ಕ ಬೇಕ?"

"ಜಾಗಾ ಹೋಗ್ತೈತಿ. ನೀ ಊರಿಗೆ ಹೋದ ಮ್ಯಾಲ ಕೂಸಿನ್ನ ಯಾರು ನೋಡ್ತಾರ, ಹೇಳು."

ಮಗಳು ಅವ್ವನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಆಡುತ್ತಿದ್ದಳು. ಅವ್ವ ಅದನ್ನು ಬಿಡಿಸಿಕೊಳ್ಳದೆ, ನನ್ನನ್ನಲ್ಲ, ಆ ಮಹಿಳೆಯನ್ನೇ ನೋಡುತ್ತ ಹೇಳಿದಳು: "ಅಂವ ಇಲ್ಲಿಲ್ಲ. ಬಿಟ್ಟ ಹೋಗ್ಯಾನ. ಬೂಟ ನಾನ ತಂದೀನಿ."

ನನ್ನೊಡನೆ ಜಗಳವಾಡುವಾಗಲೂ ಅವನನ್ನು 'ಅವರು' ಎಂದೇ ಕರೆದವಳು ಅವ್ವ. ಈಗ ಅವನು ಏಕವಚನಕ್ಕೆ ಇಳಿದಿದ್ದ. ಇಂಗ್ಲಿಷಿನಲ್ಲಿ ಮನೆಯ ಅಳಿಯನಿಗೂ ಬಿಟ್ಟು ಹೋದವನಿಗೂ ಒಂದೇ 'ಹಿ'. ಹಾಗಾಗಿ ಆ ಇಳಿತವನ್ನು ನಾನು ದಾಟಿಸಲಾರದೆ ಹೋದೆ. ಅವ್ವನಿಗೆ ಅದರ ಅನುಮಾನ ಬಂತೋ ಏನೋ, ಎದ್ದು ಹೋಗಿ ಬೂಟನ್ನು ತಂದು ಬೋರಲು ತಿರುಗಿಸಿದಳು. ಮೇಲೆ ಅಷ್ಟೆಲ್ಲ ಪಾಲಿಶ್ ಮಾಡಿದವಳು ಅಡಿಯಲ್ಲಿದ್ದ ಅಂಗಡಿಯ ಚೀಟಿಯನ್ನು ಕಿತ್ತಿರಲಿಲ್ಲ.

ಮಹಿಳೆ ಚೀಟಿಯನ್ನು ಓದಿ ಲ್ಯಾಪ್‌ಟಾಪ್ ತೆರೆದರು. ಸಹಕಾರಕ್ಕೆ ಧನ್ಯವಾದ ಹೇಳಿ, ತಂದೆಗೆ ಇನ್ನು ತಾವೇ ಬರೆಯುವುದಾಗಿ ತಿಳಿಸಿದರು. ಅವ್ವನಿಗೆ ಹೇಳಿದೆ.

"ಬರೀಲಿ ಬಿಡು. ಮೊದ್ಲ ನರ್ಸರಿಗೆ ಫೋನ್ ಹಚ್ಚಂತ ಹೇಳು. ಇಲ್ಲೇ, ನನ್ನ ಮುಂದ."

ಒಂದಕ್ಷರ ಬಿಡದೆ ಅನುವಾದಿಸಿದೆ. ಮಹಿಳೆ ಫೋನ್ ತೆಗೆದುಕೊಂಡರು. ಕರೆ ಮುಗಿಯುವವರೆಗೂ ಅವ್ವ ಅವರ ಬಾಯಿಯಿಂದ ಕಣ್ಣು ತೆಗೆಯಲಿಲ್ಲ. 'ಸ್ಟಾರ್ಟ್ ಮಂಡೇ' ಎಂಬ ಮಾತು ಕೇಳಿದಾಗ ಮಾತ್ರ ನನ್ನ ಕಡೆ ತಿರುಗಿದಳು.